ತೊಡೆ ತಟ್ಟಿದ ಸದ್ದು: ಗರಡಿಯ ಕಟ್ಟಳೆ ಮತ್ತು ಕಾವ್ಯದ ವೀರಧರ್ಮ



ಸವಾಲು ಹಾಕುವುದಕ್ಕೆ ನಾವು ‘ತೊಡೆ ತಟ್ಟುವುದು’ ಎನ್ನುತ್ತೇವೆ. ಚುನಾವಣೆಗೆ ನಿಂತವನೂ ತೊಡೆ ತಟ್ಟುತ್ತಾನೆ, ಆಸ್ತಿ ವ್ಯಾಜ್ಯಕ್ಕೆ ಇಳಿದ ದಾಯಾದಿಯೂ ತಟ್ಟುತ್ತಾನೆ. ಮಾತು ಮಾತ್ರ ಬಂದಿದ್ದು ಕುಸ್ತಿಯ ಕಣದಿಂದ. ಮಟ್ಟಿಗೆ ಇಳಿದ ಪೈಲ್ವಾನ ಮೊದಲು ಬಗ್ಗಿ ಒಂದು ಹಿಡಿ ಕೆಮ್ಮಣ್ಣು ಎತ್ತಿ ಹಣೆಗೆ ಮುಟ್ಟಿಸುತ್ತಾನೆ. ಅದನ್ನೇ ಎದುರಾಳಿಯ ಹೆಗಲಿಗೆ, ತೋಳಿಗೆ ಹಚ್ಚುತ್ತಾನೆ. ಎದುರಾಳಿಯೂ ಇವನಿಗೆ ಹಚ್ಚುತ್ತಾನೆ. ಆಮೇಲೆ ಅಂಗೈಯನ್ನು ಸ್ವಲ್ಪ ಗುಳಿ ಮಾಡಿ ಬರಿಯ ತೊಡೆಯ ಮೇಲೆ ಹೊಡೆಯುತ್ತಾನೆ. ಚಪ್ಪಾಳೆಗಿಂತ ಗಟ್ಟಿಯಾದ, ಸ್ವಲ್ಪ ಒದ್ದೆಯಾದ ಸದ್ದು ಅದು. ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಮಹಾಭಾರತದಲ್ಲಿ ಈ ತೊಡೆ ಮೂರು ಸಲ ಎದುರಿಗೆ ಬರುತ್ತದೆ. ಜೂಜಿನ ಸಭೆಯಲ್ಲಿ ದುರ್ಯೋಧನ ತನ್ನ ಎಡದೊಡೆಯ ಬಟ್ಟೆ ಸರಿಸಿ ದ್ರೌಪದಿಗೆ ತೋರಿಸುತ್ತಾನೆ. ಆ ತೊಡೆಯನ್ನೇ ಮುರಿಯುತ್ತೇನೆಂದು ಭೀಮ ಅಲ್ಲೇ ಪ್ರತಿಜ್ಞೆ ಮಾಡುತ್ತಾನೆ. ಪಾಂಡವರು ಕಾಡಿಗೆ ಹೋದ ಮೇಲೆ ಮೈತ್ರೇಯ ಋಷಿ ಬುದ್ಧಿ ಹೇಳಲು ಬಂದರೆ, ಇದೇ ದುರ್ಯೋಧನ ಕಾಲಿನಿಂದ ನೆಲ ಗೀರುತ್ತ ಉತ್ತರ ಕೊಡದೆ ತೊಡೆ ತಟ್ಟುತ್ತಾನೆ. ಋಷಿಯ ಶಾಪ ಆ ತೊಡೆಗೇ ಬೀಳುತ್ತದೆ. ಮೂರನೆಯದು ಯುದ್ಧದ ಕೊನೆಯ ದಿನ. ಗದೆ ಹಿಡಿದ ಭೀಮನ ಕಣ್ಣಿಗೆ ಬೀಳುವಂತೆ ಅರ್ಜುನ ತನ್ನ ಎಡದೊಡೆ ತಟ್ಟುತ್ತಾನೆ. ಅದು ಸವಾಲಿನ ಸದ್ದಾಗಿರಲಿಲ್ಲ, ಸನ್ನೆಯಾಗಿತ್ತು.

ಗರಡಿಯ ತಟ್ಟಿಗೂ ಅರ್ಜುನನ ಈ ತಟ್ಟಿಗೂ ನಡುವೆ ಇರುವ ದೂರವೇ ನನ್ನ ಇವತ್ತಿನ ವಿಷಯ.

ನಾನು ಗರಡಿಗೆ ಸೇರಿದ್ದು ಹನ್ನೊಂದನೆಯ ವಯಸ್ಸಿನಲ್ಲಿ. ಬಾಗಿಲು ಎಷ್ಟು ಗಿಡ್ಡವೆಂದರೆ ನಾನೂ ತಲೆ ತಗ್ಗಿಸಿಯೇ ಒಳಗೆ ಹೋಗಬೇಕಿತ್ತು. ಎದುರು ಗೋಡೆಯಲ್ಲಿ ಹನುಮಂತ, ಅವನ ಪಕ್ಕದಲ್ಲಿ ಒರಗಿಸಿಟ್ಟ ಗದೆಗಳು, ನಡುವೆ ಮಟ್ಟಿ. ಮಟ್ಟಿಯ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ಬೇವಿನ ಸೊಪ್ಪು ಬೆರೆಸಿ ಹದ ಮಾಡಿರುತ್ತಿದ್ದರು. ಮೊದಲ ಮೂರು ತಿಂಗಳು ನನಗೆ ಯಾರೂ ಒಂದು ಪಟ್ಟನ್ನೂ ಕಲಿಸಲಿಲ್ಲ. ಬೆಳಿಗ್ಗೆ ಐದಕ್ಕೆ ಹೋಗಿ ಗುದ್ದಲಿಯಿಂದ ಮಟ್ಟಿ ಅಗೆಯಬೇಕು, ಹೆಂಟೆ ಒಡೆಯಬೇಕು, ಕಲ್ಲು ಆರಿಸಬೇಕು. ಕಲ್ಲು ಆರಿಸುವುದು ದೊಡ್ಡ ಕೆಲಸ. ಹುಣಸೆಬೀಜದಷ್ಟು ಚೂರು ಉಳಿದರೂ ಉಸ್ತಾದರು ಕರೆದು ಅದನ್ನು ನಮ್ಮ ಅಂಗೈಗೆ ಹಾಕಿ, ‘ಇದರ ಮೇಲೆ ಯಾರ ಬೆನ್ನು ಬೀಳಬೇಕು ಹೇಳು’ ಎನ್ನುತ್ತಿದ್ದರು. ಬೀಳುವವನು ನಾನೇ ಆಗಬಹುದು, ನಾನು ಬೀಳಿಸುವವನೂ ಆಗಬಹುದು. ಇಬ್ಬರಿಗೂ ಮಣ್ಣು ಒಂದೇ.

ಎರಡನೆಯ ವರ್ಷ ನಾನು ಒಂದು ತಪ್ಪು ಮಾಡಿದೆ. ನನಗಿಂತ ಒಂದು ವರ್ಷ ಚಿಕ್ಕವನೊಬ್ಬ ಹಿಂದಿನ ದಿನ ಶಾಲೆಯಲ್ಲಿ ನನ್ನನ್ನು ಏನೋ ಅಂದಿದ್ದ. ಮರುದಿನ ಬೆಳಿಗ್ಗೆ ಜೊತೆಗೆ ಬಿಟ್ಟಾಗ ಅವನ ತೋಳು ನನ್ನ ಪಟ್ಟಿಗೆ ಸಿಕ್ಕಿತು. ಅವನು ಮಟ್ಟಿ ತಟ್ಟಿದ. ನಾನು ಬಿಡಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಹೆಚ್ಚಾಗಿ ಹಿಡಿದೆ, ಅಷ್ಟೆ. ಅವನ ಭುಜ ಉಳುಕಿತು. ಉಸ್ತಾದರು ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಹರಳೆಣ್ಣೆಯ ಬಟ್ಟಲು ತಂದು ನನ್ನ ಮುಂದಿಟ್ಟರು. ಹದಿನೈದು ದಿನ, ನನ್ನ ಸಾಮು ನಿಲ್ಲಿಸಿ, ಆ ಹುಡುಗನ ಭುಜಕ್ಕೆ ಎಣ್ಣೆ ನೀವುವುದೇ ನನ್ನ ಕೆಲಸವಾಯಿತು. ನೋವಿರುವ ಜಾಗ ಎಲ್ಲಿ, ಬೆರಳು ಎಷ್ಟು ಒತ್ತಿದರೆ ಅವನು ಮುಖ ಕಿವುಚುತ್ತಾನೆ, ಎಷ್ಟು ಒತ್ತಿದರೆ ಉಸಿರು ಸಡಿಲ ಬಿಡುತ್ತಾನೆ ಎಂದು ನನ್ನ ಕೈ ಕಲಿಯಿತು. ಹನ್ನೆರಡು ವರ್ಷದ ಹುಡುಗನಿಗೆ ಬೇರೆ ಯಾವ ಪಾಠದಿಂದಲೂ ಅದು ತಿಳಿಯುತ್ತಿರಲಿಲ್ಲ. ಗರಡಿಗೆ ಬಂದವನು ತನ್ನ ಮೂಳೆ, ಕೀಲು, ಕುತ್ತಿಗೆಗಳನ್ನು ಎದುರಿನವನ ಕೈಗೆ ಒಪ್ಪಿಸಿರುತ್ತಾನೆ. ಅದು ಅಡವಿಟ್ಟ ಒಡವೆಯ ಹಾಗೆ. ಇಟ್ಟುಕೊಂಡವನು ಹಾಗೇ ಹಿಂತಿರುಗಿಸಬೇಕು.

ಮುಂದೆ ನಾನು ಕನ್ನಡ ಮೇಷ್ಟರಾದೆ, ಪೈಲ್ವಾನನಾಗಲಿಲ್ಲ. ಆದರೆ ತರಗತಿಯಲ್ಲಿ ರನ್ನನನ್ನು ಪಾಠ ಮಾಡುವಾಗಲೆಲ್ಲ ಹರಳೆಣ್ಣೆಯ ವಾಸನೆ ಬರುತ್ತಿತ್ತು.

ಭೀಷ್ಮಪರ್ವದ ಆರಂಭದಲ್ಲಿ ಎರಡೂ ಪಕ್ಷದವರು ಕೂಡಿ ಕೆಲವು ಕಟ್ಟಳೆಗಳನ್ನು ಒಪ್ಪಿಕೊಳ್ಳುತ್ತಾರೆ. ರಥಿಕನಿಗೆ ರಥಿಕ, ಆನೆಯವನಿಗೆ ಆನೆಯವನು, ಕಾಲಾಳಿಗೆ ಕಾಲಾಳು. ಕವಚ ಕಳಚಿದವನನ್ನು, ಬೆನ್ನು ತೋರಿದವನನ್ನು, ಶರಣಾದವನನ್ನು, ಇನ್ನೊಬ್ಬನೊಡನೆ ಕಾದುತ್ತಿರುವವನನ್ನು ಹೊಡೆಯಬಾರದು. ಸಾರಥಿಯನ್ನು, ಭೇರಿ ಬಾರಿಸುವವನನ್ನು, ಶಂಖ ಊದುವವನನ್ನು ಮುಟ್ಟಬಾರದು. ಓದುವಾಗ ಇದು ದೊಡ್ಡ ಯುದ್ಧದ ಶಾಸನ ಅನ್ನಿಸುತ್ತದೆ. ಕುಸ್ತಿ ಬಲ್ಲವನಿಗೆ ಮಾತ್ರ ಇದರಲ್ಲಿ ಮನೆಯ ಪರಿಚಯ ಕಾಣುತ್ತದೆ, ಏಕೆಂದರೆ ಇದು ಜೋಡಿ ಕಟ್ಟುವ ನಿಯಮ. ಮೈಸೂರಿನಲ್ಲಿ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ದಿನವೆಂದೇ ಒಂದು ಇರುತ್ತದೆ. ಹಿರಿಯ ಉಸ್ತಾದರು ಕುಳಿತು ಹುಡುಗರನ್ನು ಅಕ್ಕಪಕ್ಕ ನಿಲ್ಲಿಸಿ, ಎತ್ತರ, ತೂಕ, ಕತ್ತಿನ ದಪ್ಪ, ಹಿಂದಿನ ಕುಸ್ತಿಗಳನ್ನು ನೋಡಿ, ಇವನಿಗೆ ಇವನು ಎನ್ನುತ್ತಾರೆ. ಸರಿಯಾದ ಜೋಡಿ ಆಗದಿದ್ದರೆ ಜನವೇ ಒಪ್ಪುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಒಂದು ಭಾಗವನ್ನೇ ಮೀಸಲಿಟ್ಟು, ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸುತ್ತಾನೆ. ನಮ್ಮ ಮೈಸೂರು ಸೀಮೆಯ ಜಟ್ಟಿಗಳ ಹೆಸರಿನ ಬೇರು ಆ ‘ಜ್ಯೇಷ್ಠಿ’ಯಲ್ಲೇ ಇದೆ. ಮಹಾಭಾರತದ ಜರಾಸಂಧನೂ ಈ ಜೋಡಿಯ ನಿಯಮ ಬಲ್ಲವನು. ಕೃಷ್ಣ, ಭೀಮ, ಅರ್ಜುನ ಮೂವರೂ ಎದುರಿಗೆ ನಿಂತು ಯಾರೊಡನೆ ಹೋರಾಡುತ್ತೀಯ ಎಂದರೆ, ಅವನು ತನ್ನ ಹಳೆಯ ವೈರಿ ಕೃಷ್ಣನನ್ನು ಬಿಟ್ಟು, ತನಗೆ ಜೋಡಿಯಾದ ಭೀಮನನ್ನು ಆರಿಸಿಕೊಳ್ಳುತ್ತಾನೆ. ಆ ಆಯ್ಕೆ ಅವನ ಪ್ರಾಣ ತೆಗೆಯಿತು. ಆದರೂ ಆ ಗಳಿಗೆಯಲ್ಲಿ ಅವನು ನನಗೆ ಬಹಳ ದೊಡ್ಡವನಾಗಿ ಕಾಣುತ್ತಾನೆ.

ಜೋಡಿಯ ನಿಯಮಕ್ಕೆ ಒಂದು ಕೆಟ್ಟ ಮುಖವೂ ಉಂಟು. ಹಸ್ತಿನಾವತಿಯ ಪರೀಕ್ಷಾ ರಂಗದಲ್ಲಿ ಕರ್ಣ ಅರ್ಜುನನಿಗೆ ಸಮ ಎಂದು ಬಿಲ್ಲೇ ಹೇಳುತ್ತಿತ್ತು. ಕೃಪ ಎದ್ದು ಅವನ ಕುಲ ಕೇಳಿದ. ಸಮನಿಗೆ ಸಮ ಎಂಬ ಕಟ್ಟಳೆಯಲ್ಲಿ ‘ಸಮ’ ಎಂಬುದನ್ನು ಯಾವುದರಿಂದ ಅಳೆಯಬೇಕು ಎಂದು ನಿರ್ಧರಿಸುವವನ ಕೈಯಲ್ಲಿ ಇಡೀ ಧರ್ಮ ಸಿಕ್ಕಿಬಿಡುತ್ತದೆ. ಏಕಲವ್ಯನ ಹೆಬ್ಬೆರಳಿನ ಮಾತು ನಿಮಗೆಲ್ಲ ಗೊತ್ತಿರುವುದೇ. ಇಲ್ಲಿ ಗರಡಿ ಕಾವ್ಯಕ್ಕಿಂತ ಒಂದು ಹೆಜ್ಜೆ ಮುಂದಿದೆ ಎಂದು ನಾನು ಅನುಭವದಿಂದ ಹೇಳುತ್ತೇನೆ. ನಮ್ಮ ಮಟ್ಟಿಯಲ್ಲಿ ಕುರುಬರ ಹುಡುಗ, ನಾಯಕರ ಹುಡುಗ, ಸಾಬರ ಹುಡುಗ ಎಲ್ಲರ ಬೆವರೂ ಒಂದೇ ಮಣ್ಣಿಗೆ ಇಳಿಯುತ್ತಿತ್ತು. ‘ಉಸ್ತಾದ್’, ‘ಪೈಲ್ವಾನ್’ ಎಂಬ ಮಾತುಗಳು ಪಾರಸಿಯಿಂದ ಬಂದವು, ‘ಜಟ್ಟಿ’ ಸಂಸ್ಕೃತದಿಂದ ಬಂತು. ಹನುಮಂತನ ಎದುರು ನಿಂತು ಈ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದೆವು. ಎಲ್ಲ ಗರಡಿಗಳೂ ಹೀಗೇ ಇದ್ದವೆಂದು ನಾನು ಹೇಳಲಾರೆ. ಒಂದು ಹೀಗಿತ್ತು, ನಾನು ಅಲ್ಲಿದ್ದೆ.

ಹೊಡೆತಕ್ಕೆ ಗೆರೆ ಎಳೆಯುವ ವಿಷಯಕ್ಕೆ ಬರುತ್ತೇನೆ. ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ಕೆಲವರಾದರೂ ನೋಡಿದ್ದೀರಿ. ತಲೆ ಬೋಳಿಸಿಕೊಂಡ ಇಬ್ಬರು ಜಟ್ಟಿಗಳು, ಬೆರಳುಗಳಿಗೆ ಮೊನೆಯುಳ್ಳ ವಜ್ರನಖ. ಒಬ್ಬನ ತಲೆಯಿಂದ ರಕ್ತ ಕಾಣಿಸಿದ ಕೂಡಲೇ ಕಾಳಗ ಮುಗಿಯಿತು. ಅಲ್ಲಿಂದ ಮುಂದೆ ಒಂದು ಪೆಟ್ಟೂ ಇಲ್ಲ. ನೋಡುವವರಿಗೆ ಅದು ಕ್ರೂರವಾಗಿ ಕಾಣುತ್ತದೆ. ನನಗೆ ಕಾಣುವುದು ಆ ನಿಂತ ಕೈ. ಮೈಯೆಲ್ಲ ಬಿಸಿಯಾಗಿ, ಸುತ್ತ ಜನ ಕೂಗುತ್ತಿರುವಾಗ, ಒಂದು ಹನಿ ಕಂಡೊಡನೆ ಎತ್ತಿದ ಮುಷ್ಟಿ ಗಾಳಿಯಲ್ಲೇ ನಿಲ್ಲಬೇಕಾದರೆ ಎಷ್ಟು ವರ್ಷದ ಸಾಮು ಬೇಕು! ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಮಹಾನವಮಿಯ ಮಲ್ಲರನ್ನು ಕಂಡು ಬರೆದಿದ್ದಾನೆ: ಅವರು ಕೈಯಲ್ಲಿ ಮೊನೆಯ ಬಳೆಗಳನ್ನು ಹಿಡಿದು ಹೊಡೆದಾಡುತ್ತಿದ್ದರು, ಹೆಚ್ಚು ಗಾಯಗೊಂಡವನಿಗೆ ರಾಜ ರೇಷ್ಮೆ ಬಟ್ಟೆ ಕೊಡುತ್ತಿದ್ದ. ಗೆದ್ದವನಿಗೆ ಗೆಲುವೇ ಸಾಕು, ರೇಷ್ಮೆ ನೋವುಂಡವನಿಗೆ. ಈ ಒಂದು ವಿವರದ ಮುಂದೆ ವೀರಧರ್ಮದ ಎಷ್ಟೋ ಪದ್ಯಗಳು ನನಗೆ ಪೇಲವವಾಗಿ ಕಾಣುತ್ತವೆ.

ಈಗ ಗದಾಯುದ್ಧ. ಮೇಷ್ಟರಾಗಿ ಮೂವತ್ತು ವರ್ಷ ಪಾಠ ಮಾಡಿದ ಮೇಲೂ ನನಗೆ ಅರ್ಥವಾಗದೆ ಉಳಿದಿದ್ದ ಒಂದು ಸಂಗತಿ ನಿವೃತ್ತಿಯ ನಂತರ ಹೊಳೆಯಿತು. ಭೀಮ ಮತ್ತು ದುರ್ಯೋಧನ ಇಬ್ಬರೂ ಬಲರಾಮನ ಶಿಷ್ಯರು. ಎಂದರೆ ಅವರು ಒಂದೇ ಗರಡಿಯ ಹುಡುಗರು. ಯುದ್ಧ ಬೇಡವೆಂದು ತೀರ್ಥಯಾತ್ರೆಗೆ ಹೋಗಿದ್ದ ಬಲರಾಮ ನಲವತ್ತೆರಡು ದಿನಗಳ ಮೇಲೆ ಹಿಂತಿರುಗುತ್ತಾನೆ, ಸರಿಯಾಗಿ ಇವರಿಬ್ಬರು ಗದೆ ಎತ್ತುವ ಹೊತ್ತಿಗೆ. ಸಮಂತಪಂಚಕದ ನೆಲ ಪುಣ್ಯಭೂಮಿ, ಅಲ್ಲಿಗೆ ಹೋಗೋಣ ಎಂದು ಅವನೇ ಕರೆದುಕೊಂಡು ಹೋಗುತ್ತಾನೆ. ಉಸ್ತಾದ ತನ್ನಿಬ್ಬರು ಶಿಷ್ಯರಿಗೆ ಒಳ್ಳೆಯ ಮಟ್ಟಿ ಹುಡುಕಿಕೊಟ್ಟ ಹಾಗೆ. ಕೂತು ನೋಡುತ್ತಾನೆ. ತಾನು ಕಲಿಸಿದ ಪಟ್ಟುಗಳನ್ನೇ ಇಬ್ಬರೂ ಹಾಕುತ್ತಿದ್ದಾರೆ.

ಕೃಷ್ಣ ಅರ್ಜುನನಿಗೆ ಹೇಳುವ ಮಾತಿನಲ್ಲಿ ಇನ್ನೊಂದು ಸಂಗತಿ ಇದೆ. ಬಲದಲ್ಲಿ ಭೀಮ ಮೇಲು, ಅಭ್ಯಾಸದಲ್ಲಿ ದುರ್ಯೋಧನ ಮೇಲು. ಪಾಂಡವರು ವನವಾಸ, ಅಜ್ಞಾತವಾಸದಲ್ಲಿದ್ದ ಹದಿಮೂರು ವರ್ಷವೂ ಅವನು ಭೀಮನ ಕಬ್ಬಿಣದ ಮೂರ್ತಿಯೊಂದನ್ನು ಮಾಡಿಸಿ ಅದಕ್ಕೆ ಗದೆಯಿಂದ ಹೊಡೆದು ಸಾಧನೆ ಮಾಡಿದ್ದಾನೆ ಎಂದು. ಹದಿಮೂರು ವರ್ಷ! ದಂಡ, ಬಸ್ಕಿ ಹೊಡೆದವರಿಗೆ ಆ ಸಂಖ್ಯೆಯ ತೂಕ ಗೊತ್ತು. ಹಾಗಾದರೆ ಇಲ್ಲಿ ಶಿಸ್ತಿನ ಮನುಷ್ಯ ಯಾರು? ಬೆಳಗಾಗೆದ್ದು ಗದೆ ಬೀಸಿದವನು, ಕಟ್ಟಳೆಯೊಳಗೇ ನಿಂತು ಕಾದಿದವನು ದುರ್ಯೋಧನ. ಸಾಮು ಮಾಡಿದವನೆಲ್ಲ ಒಳ್ಳೆಯವನು ಎಂಬ ಗರಡಿಯ ನಂಬಿಕೆಯನ್ನು ಈ ಕಥೆ ನುಂಗಲಾರದಂತೆ ಮಾಡಿಬಿಡುತ್ತದೆ. ಆ ಕಬ್ಬಿಣದ ಮೂರ್ತಿಯಲ್ಲಿ ಒಂದು ಕೊರತೆ ಇತ್ತು ಎಂದು ನನಗೀಗ ತೋರುತ್ತದೆ: ಅದಕ್ಕೆ ನೋವಾಗುತ್ತಿರಲಿಲ್ಲ. ಅದು ಮಟ್ಟಿ ತಟ್ಟಿ ಸಾಕು ಎನ್ನುತ್ತಿರಲಿಲ್ಲ. ಅದರ ಭುಜಕ್ಕೆ ಯಾರೂ ಎಣ್ಣೆ ನೀವಬೇಕಾಗಿರಲಿಲ್ಲ. ಹಗೆಯ ಮುಖವಿಟ್ಟ ಲೋಹದ ಮೇಲೆ ಹದಿಮೂರು ವರ್ಷ ಸಾಧನೆ ಮಾಡಿದವನಿಗೆ ಕೈಚಳಕ ಬರುತ್ತದೆ; ಜೊತೆಗಾರನ ಮೈಯಿಂದ ಬರುವ ಅರಿವು ಬರುವುದಿಲ್ಲ. ಯುದ್ಧ ಮುಗಿದ ಮೇಲೆ ಕುರುಡ ಧೃತರಾಷ್ಟ್ರ ಭೀಮನನ್ನು ತಬ್ಬಿಕೊಳ್ಳುತ್ತೇನೆ ಎಂದಾಗ ಕೃಷ್ಣ ಮುಂದಕ್ಕೆ ತಳ್ಳಿದ್ದು ಅದೇ ಮೂರ್ತಿಯನ್ನು. ಮಗ ಹೊಡೆದೂ ಹೊಡೆದೂ ಉಳಿಸಿದ್ದನ್ನು ಅಪ್ಪ ಒಂದೇ ಅಪ್ಪುಗೆಯಲ್ಲಿ ನುಚ್ಚು ಮಾಡಿ, ರಕ್ತ ಕಾರಿ ಬಿದ್ದ.

ನಾಭಿಯಿಂದ ಕೆಳಗೆ ಹೊಡೆಯಬಾರದು ಎಂಬುದು ಗದೆಯ ಕಟ್ಟಳೆ. ಭೀಮ ತೊಡೆ ಮುರಿದ. ಬಲರಾಮ ನೇಗಿಲೆತ್ತಿಕೊಂಡು ಅವನ ಮೇಲೆ ಹೋದ. ಕೃಷ್ಣ ತಬ್ಬಿ ಹಿಡಿದು, ಪ್ರತಿಜ್ಞೆಯ ಮಾತು, ಮೈತ್ರೇಯನ ಶಾಪದ ಮಾತು ಹೇಳಿ ನಿಲ್ಲಿಸಿದ. ಬಲರಾಮ ಒಪ್ಪಲಿಲ್ಲ. ಭೀಮ ಲೋಕದಲ್ಲಿ ಮೋಸದ ಹೋರಾಟಗಾರನೆಂದೇ ಹೆಸರಾಗುತ್ತಾನೆ ಎಂದು ಹೇಳಿ ರಥ ಹತ್ತಿ ದ್ವಾರಕೆಗೆ ಹೋಗಿಬಿಟ್ಟ.

ಬಹಳ ವರ್ಷ ನಾನು ಬಲರಾಮನ ಪಕ್ಷದವನಾಗಿದ್ದೆ. ಒಮ್ಮೆ ತರಗತಿಯ ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: “ಸಾರ್, ಸೊಂಟದ ಕೆಳಗೆ ಹೊಡೆಯಬಾರದು ಅಂತ ಅಷ್ಟು ಸಿಟ್ಟು ಬಂತಲ್ಲ ಅವರಿಗೆ, ಸೀರೆ ಎಳೆಯೋವಾಗ ಈ ರೂಲ್ಸು ಎಲ್ಲಿ ಹೋಗಿತ್ತು?” ವಿಕರ್ಣ ಎದ್ದು ಮಾತಾಡಿದ, ವಿದುರ ಮಾತಾಡಿದ ಎಂದೆ. “ನೇಗಿಲು ಯಾರೂ ಎತ್ತಲಿಲ್ಲವಲ್ಲ ಸಾರ್” ಎಂದಳು. ಅಂದಿನ ಪಾಠ ಅಲ್ಲಿಗೇ ನಿಂತಿತು. ನಿಜ. ಹೋರಾಟಗಾರರು ತಮ್ಮ ತಮ್ಮೊಳಗೆ ಎಳೆದುಕೊಂಡ ಗೆರೆಗಳು ಅವು. ಗೆರೆಯ ಹೊರಗಿದ್ದವರಿಗೆ ಅವುಗಳಿಂದ ರಕ್ಷಣೆ ಸಿಗಲಿಲ್ಲ. ನಮ್ಮ ಗರಡಿಯ ಗಿಡ್ಡ ಬಾಗಿಲಿನಲ್ಲೂ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಈಗ ದಸರಾ ಅಖಾಡದಲ್ಲಿ ಹೆಣ್ಣುಮಕ್ಕಳ ಜೋಡಿಗಳೂ ಇಳಿಯುತ್ತವೆ. ಅವರ ತೊಡೆಯ ಸದ್ದು ಕೇಳಿದಾಗಲೆಲ್ಲ ನನಗೆ ಆ ಹುಡುಗಿಯ ನೆನಪಾಗುತ್ತದೆ.

ರನ್ನನಿಗೆ ಈ ತೊಡಕು ಇನ್ನೂ ಹತ್ತಿರದ್ದು. ಅವನ ‘ಗದಾಯುದ್ಧ’ಕ್ಕೆ ‘ಸಾಹಸಭೀಮವಿಜಯ’ ಎಂದೂ ಹೆಸರು. ಆಶ್ರಯ ಕೊಟ್ಟ ದೊರೆ ಸತ್ಯಾಶ್ರಯನನ್ನೇ ಭೀಮನೆಂದು ಹಾಡಿದ್ದಾನೆ. ಹಾಗೆ ಹೊಗಳಲೇಬೇಕಾದ ಭೀಮನೇ ಕಟ್ಟಳೆ ಮೀರಿದವನು. ಮುಧೋಳದ ಬಳೆಗಾರರ ಮನೆಯ ಈ ಕವಿ ಏನು ಮಾಡಿದ? ಗೆಲುವನ್ನು ಭೀಮನಿಗೆ ಕೊಟ್ಟು, ನಮ್ಮ ಕಣ್ಣನ್ನು ದುರ್ಯೋಧನನ ಬೆನ್ನಿಗೆ ಕಟ್ಟಿಬಿಟ್ಟ. ಸಂಜಯನ ಜೊತೆ ಹೆಣಗಳ ನಡುವೆ ಎಡವುತ್ತ ನಡೆಯುವ ದುರ್ಯೋಧನ ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು ನೋಡುತ್ತಾನೆ. ಅಭಿಮನ್ಯುವಿನ ಹೆಣ ಕಂಡಾಗ ಅಲ್ಲೇ ನಿಂತು, ಕೈಮುಗಿದು, ತನಗೂ ಅಂಥ ಸಾವು ಬರಲಿ ಎನ್ನುತ್ತಾನೆ. ಹಲವರು ಸುತ್ತುವರಿದು ಒಬ್ಬ ಹುಡುಗನನ್ನು ಕೊಂದ ಜೋಡಿಗೆಟ್ಟ ಕಾಳಗ ಅದು, ಇವನ ಪಕ್ಷದವರೇ ಮಾಡಿದ್ದು. ಅದರ ಮುಂದೆ ಇವನು ಬೋಳು ತಲೆಯ ಜಟ್ಟಿಯ ಹಾಗೆ ನಿಲ್ಲುತ್ತಾನೆ. ಬಿ.ಎಂ.ಶ್ರೀ. ಈ ಕಾವ್ಯವನ್ನು ದುರಂತ ನಾಟಕವಾಗಿ ಕಂಡದ್ದು ಸುಮ್ಮನೆ ಅಲ್ಲ. ತಡವಾಗಿಯಾದರೂ ದುರ್ಯೋಧನನ ಕೈಗೆ ಒಂದು ಮೈಯ ಬಿಸಿ ತಾಗಿದ ಗಳಿಗೆ ಅದು.

ವೀರಧರ್ಮವೆಲ್ಲ ಈ ಬಗೆಯ ತಡೆದ ಕೈಯೇ ಎಂದುಕೊಂಡರೆ ತಪ್ಪಾದೀತು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಒಂದು ಕಂಬವಿದೆ. ಹೊಯ್ಸಳ ದೊರೆ ವೀರಬಲ್ಲಾಳ ತೀರಿದಾಗ, ಒಡೆಯನ ಜೊತೆಗೇ ಸಾಯುವ ಆಣೆಯಿಟ್ಟ ಗರುಡನಾಗಿದ್ದ ಕುವರಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಅವರ ಜೊತೆ ಸಾವಿರ ವೀರರು ಪ್ರಾಣ ಕೊಟ್ಟದ್ದನ್ನು ಅದು ಹೇಳುತ್ತದೆ. ಒಡೆಯನಿಗೆ ಸಲ್ಲುವ ಧರ್ಮ ಅದು. ಎದುರಾಳಿಗೆ ಸಲ್ಲುವ ಧರ್ಮ ಬೇರೆ. ಕಥೆಗಳಲ್ಲಿ ಇವೆರಡು ಬೆರೆತಿರುತ್ತವೆ, ಹುಡುಗರು ಮೊದಲನೆಯದಕ್ಕೇ ಬೇಗ ಮರುಳಾಗುತ್ತಾರೆ. ಜಪಾನಿನ ವೀರಧರ್ಮಕ್ಕೆ ‘ಬುಶಿದೊ’ ಎಂದು ಇವತ್ತು ಕರಾಟೆ ತರಗತಿಯ ಮಕ್ಕಳೂ ಆಡುವ ಮಾತು ಲೋಕಕ್ಕೆಲ್ಲ ಹರಡಿದ್ದು ನಿತೊಬೆ ಇನಾಜೊ ಇಂಗ್ಲಿಷಿನಲ್ಲಿ ಬರೆದು 1900ರಲ್ಲಿ ಬಂದ ಪುಸ್ತಕದಿಂದ. ಅಷ್ಟು ಹೊತ್ತಿಗೆ ಸಮುರಾಯಿಗಳು ಕತ್ತಿ ಕಟ್ಟಬಾರದೆಂಬ ಆಜ್ಞೆಯಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅದರಲ್ಲಿ ಕಥೆಯ ಪಾಲು ದೊಡ್ಡದು. ಅದೇ ದೇಶದಲ್ಲಿ ಕಾನೊ ಜಿಗೊರೊ 1882ರಲ್ಲಿ ಒಂದು ಗುಡಿಯ ಕೋಣೆಯಲ್ಲಿ ಜೂಡೊ ಕಲಿಸಲು ಶುರುಮಾಡಿದ. ಅಲ್ಲಿ ಮೊದಲ ಪಾಠ ಬೀಳುವುದು ಹೇಗೆ ಎಂಬುದು. ಆ ಪಾಠ ಕೇಳಿದರೆ ನನ್ನ ಉಸ್ತಾದರು ತಲೆದೂಗುತ್ತಿದ್ದರು.

ಕರಾವಳಿಯವರು ಇಲ್ಲಿದ್ದರೆ ಅವರಿಗೆ ಗೊತ್ತು: ತುಳುನಾಡಿನಲ್ಲಿ ಗರಡಿ ಎಂದರೆ ಕೋಟಿ ಚೆನ್ನಯರ ಗುಡಿ. ಅವಳಿ ವೀರರ ಕಥೆಯನ್ನು ಪಾಡ್ದನದಲ್ಲಿ ಹಾಡುತ್ತಾರೆ. ಸಾಮಿನ ಮನೆಯ ಹೆಸರೂ ಕಥೆಯ ಮನೆಯ ಹೆಸರೂ ಅಲ್ಲಿ ಒಂದೇ ಆಗಿ ಉಳಿದಿದೆ. ಹೋಲಿಕೆ ಹುಡುಕಲು ನಾನು ಇಷ್ಟು ದೂರ ಬಂದೆ. ಅವರ ಮಾತಿನಲ್ಲಿ ಅದು ಮೊದಲೇ ಇತ್ತು.

ಉಸ್ತಾದರ ಒಂದು ಪ್ರಸಂಗ ಹೇಳಿ ಕುಳಿತುಕೊಳ್ಳುತ್ತೇನೆ. ನಮ್ಮ ಗರಡಿಯಲ್ಲೇ ಬೆಳೆದ ಇಬ್ಬರಲ್ಲಿ ಒಬ್ಬ ಮನೆಯ ಜಗಳದಿಂದ ಸಿಟ್ಟಾಗಿ ಬೇರೆ ಗರಡಿಗೆ ಹೋಗಿದ್ದ. ಇಬ್ಬರ ನಡುವೆ ಮಾತು ಬಿಟ್ಟುಹೋಗಿ ಎರಡು ವರ್ಷವಾಗಿತ್ತು. ಆ ವರ್ಷ ದಸರೆಗೆ ಅವರಿಬ್ಬರಿಗೇ ಜೋಡಿ ಬಿತ್ತು. ಊರೆಲ್ಲ ನೋಡಲು ಹೊರಟಿತು. ಉಸ್ತಾದರು ಹೋಗಲಿಲ್ಲ. ನಾನು ಸಂಜೆ ಗರಡಿಗೆ ಬಂದಾಗ ಅವರು ಒಬ್ಬರೇ ಲುಂಗಿ ಎತ್ತಿ ಕಟ್ಟಿ ಮಟ್ಟಿ ಅಗೆಯುತ್ತಿದ್ದರು. ನಾನೂ ಒಂದು ಗುದ್ದಲಿ ತೆಗೆದುಕೊಂಡೆ. ಕತ್ತಲಾಗುವ ಹೊತ್ತಿಗೆ ಬಾಗಿಲಲ್ಲಿ ಇಬ್ಬರು ಬಗ್ಗಿದರು, ಒಬ್ಬರ ಹಿಂದೆ ಒಬ್ಬರು. ಇಬ್ಬರ ಮೈಮೇಲೂ ಮಣ್ಣು ಇನ್ನೂ ಒಣಗಿರಲಿಲ್ಲ. ಯಾರು ಗೆದ್ದರು ಎಂದು ಉಸ್ತಾದರು ಕೇಳಲಿಲ್ಲ. ಗುದ್ದಲಿ ಗೋಡೆಗೆ ಒರಗಿಸಿ, “ಎಲ್ಲಿ, ಭುಜ ತೋರಿಸಿ” ಎಂದರು. ಇಬ್ಬರೂ ಹನುಮಂತನ ಮುಂದೆ ಬೆನ್ನು ತಿರುಗಿಸಿ ಕುಳಿತರು. ಉಸ್ತಾದರು ನನ್ನ ಕಡೆ ನೋಡಿದರು. ನಾನು ಹರಳೆಣ್ಣೆಯ ಬಟ್ಟಲು ತರಲು ಎದ್ದೆ.